ಮನೆಯ ಗ್ಯಾರೇಜಿನಲ್ಲಿ ಮಿಯಾಟಾ ಕಾರಿಗೆ ಕಾಯಿಲೋವರ್ ಜೋಡಿಸುವ ಬಗೆ

ಮಜ್ದಾ ಕಂಪನಿಯು ಎಂಎಕ್ಸ್-5 ಕಾರನ್ನು 1989ರ ಫೆಬ್ರವರಿಯಲ್ಲಿ ಷಿಕಾಗೋ ಆಟೋ ಷೋನಲ್ಲಿ ಮೊದಲ ಬಾರಿಗೆ ಜನರ ಮುಂದಿಟ್ಟಿತು. ಅಮೆರಿಕದಲ್ಲಿ ಮಿಯಾಟಾ ಎಂದೇ ಹೆಸರಾದ ಈ ಎರಡು ಸೀಟಿನ ಕಾರು ಹೆಚ್ಚುಕಡಿಮೆ ಒಂದು ಸಾವಿರ ಕೆ.ಜಿ. ತೂಗುತ್ತದೆ. ಎಂಜಿನ್ ಮುಂದಿದ್ದು ಹಿಂದಿನ ಚಕ್ರಗಳು ಕಾರನ್ನು ತಳ್ಳುತ್ತವೆ; ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ ಇದೆ. ಅಂದರೆ ಪ್ರತಿ ಚಕ್ರವನ್ನೂ ಮೇಲೊಂದು, ಕೆಳಗೊಂದು ಆರ್ಮ್ ಹಿಡಿದುಕೊಂಡಿರುತ್ತದೆ, ಶಾಕ್ ಅಬ್ಸಾರ್ಬರ್ ಮತ್ತು ಅದನ್ನು ಸುತ್ತುವರಿದ ಸ್ಪ್ರಿಂಗ್ ಕೆಳಗಿನ ಆರ್ಮ್‌ನಿಂದ ಕಾರಿನ ಒಡಲಿನವರೆಗೆ ನಿಂತಿರುತ್ತವೆ. ಶಾಕ್ ಅಬ್ಸಾರ್ಬರ್ ಇಲ್ಲಿ ಚಕ್ರವನ್ನು ನೆಟ್ಟಗೆ ಹಿಡಿಯುವ ಕೆಲಸ ಮಾಡುವುದಿಲ್ಲವಾದ್ದರಿಂದ ಅದನ್ನು ಬಿಚ್ಚಿದರೂ ಚಕ್ರ ಅತ್ತಿತ್ತ ವಾಲುವುದಿಲ್ಲ. ಮನೆಯಲ್ಲಿ ಕೆಲಸ ಮಾಡುವವರಿಗೆ ಇದು ದೊಡ್ಡ ಅನುಕೂಲ.

ಈ ಬರಹದಲ್ಲಿ ನಾನು ಹೇಳುವುದು ಈ ಕಾರಿನ ಮೊದಲ ಪೀಳಿಗೆಗೆ, ಅಂದರೆ 1997ರವರೆಗೆ ತಯಾರಾದ, ಮೇಲೇಳುವ ಹೆಡ್‌ಲೈಟುಗಳ ಮಾದರಿಗೆ, ಎತ್ತರ ಹೊಂದಿಸಬಹುದಾದ ಕಾಯಿಲೋವರ್ ಸೆಟ್ಟನ್ನು ಜೋಡಿಸುವ ಕ್ರಮ. ಕಾಯಿಲೋವರ್ ಎಂದರೆ ಶಾಕ್ ಅಬ್ಸಾರ್ಬರ್ ಮತ್ತು ಅದನ್ನು ಸುತ್ತುವರಿದ ಸ್ಪ್ರಿಂಗ್ ಒಂದೇ ಘಟಕವಾಗಿರುವ ಭಾಗ. ನಾನು ಮಿಷಿಗನ್‌ನ ಮನೆಯೊಂದರ ಗ್ಯಾರೇಜಿನಲ್ಲಿ, ಕಾಂಕ್ರೀಟ್ ನೆಲದ ಮೇಲೆ, ಲಿಫ್ಟ್ ಇಲ್ಲದೆ ಮಾಡಿದ ಕೆಲಸವಿದು. ಬಿಚ್ಚಿ ಜೋಡಿಸುವುದು ಎರಡು ದಿನದ ಕೆಲಸ. ಆದರೆ ಭಾಗಗಳು ಒಳಗೆ ಕೂತ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸಿ ಕಾರನ್ನು ಕೆಳಗಿಳಿಸಿ ಓಡಿಸುವವರೇ ಹೆಚ್ಚು. ಕಾರು ತನ್ನ ಚಕ್ರಗಳ ಮೇಲೆ ತನ್ನ ತೂಕ ಹೊತ್ತು ನಿಂತ ನಂತರ ಮಾಡಬೇಕಾದ ಕೆಲಸವೇ ಸಸ್ಪೆನ್ಷನ್‌ನ ಗುಣವನ್ನು ತೀರ್ಮಾನಿಸುತ್ತದೆ, ಹಾಗಾಗಿ ಆ ಭಾಗಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಊರಿನಲ್ಲಿರುವ ಓದುಗರಿಗೆ ಒಂದು ಮಾತು. ಭಾರತದ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಜರ್ಮನಿಯಲ್ಲಿರುವವರು ಇಂಥ ಭಾಗಗಳಿಗೆ ಅನುಮೋದನೆಯ ಕಾಗದ ಇದೆಯೇ, ಜೋಡಿಸಿದ ಮೇಲೆ ತಪಾಸಣೆ ಮಾಡಿಸಬೇಕೇ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಕೆಳಗಿನ ಕ್ರಮ ಬೇರೆ ಕಾರುಗಳಿಗೂ ಬಹುಮಟ್ಟಿಗೆ ಅನ್ವಯಿಸಿದರೂ ಬೋಲ್ಟುಗಳ ಜಾಗ ಮತ್ತು ಅಳತೆಗಳು ಈ ಕಾರಿನವು.

ಕೊಳ್ಳುವ ಮೊದಲು ಯೋಚಿಸಬೇಕಾದದ್ದು

ಕಾರನ್ನು ತಗ್ಗಿಸುವುದೇ ಗುರಿ ಎಂದುಕೊಂಡು ಸಸ್ಪೆನ್ಷನ್ ಕೊಂಡವರು ಕೊನೆಗೆ ಬೇಸರಪಡುತ್ತಾರೆ. ಮಿಯಾಟಾದ ಮೊದಲ ಪೀಳಿಗೆಯಲ್ಲಿ ಚಕ್ರ ಮೇಲಕ್ಕೆ ಸರಿಯಲು ಇರುವ ಅವಕಾಶ ಮೊದಲೇ ಕಡಿಮೆ. ಶಾಕ್‌ನ ಕಡ್ಡಿಯ ಮೇಲೆ ಕೂರುವ ಬಂಪ್ ಸ್ಟಾಪ್ ಎಂಬ ಮೆದು ದಿಂಬು, ಚಕ್ರ ಕೊನೆಯವರೆಗೆ ಮೇಲೇರಿದಾಗ ಲೋಹಕ್ಕೆ ಲೋಹ ಬಡಿಯದಂತೆ ತಡೆಯುತ್ತದೆ. ಕಾರನ್ನು 30 ಮಿ.ಮೀ. ತಗ್ಗಿಸಿದರೆ ಆ 30 ಮಿ.ಮೀ. ನೇರವಾಗಿ ಈ ಅವಕಾಶದಿಂದಲೇ ಕಳೆದುಹೋಗುತ್ತದೆ. ಹೆಚ್ಚು ತಗ್ಗಿಸಿದ ಕಾರು ನಿಂತಲ್ಲೇ ಬಂಪ್ ಸ್ಟಾಪ್ ಮೇಲೆ ಕೂತಿರುತ್ತದೆ; ಅದರಲ್ಲಿ ಕೂತವನಿಗೆ ಸ್ಪ್ರಿಂಗ್ ಬಹಳ ಗಟ್ಟಿ ಎಂದು ಅನ್ನಿಸುತ್ತದೆಯೇ ಹೊರತು, ಸ್ಪ್ರಿಂಗ್ ಕೆಲಸವನ್ನೇ ಮಾಡುತ್ತಿಲ್ಲ ಎಂಬುದು ತಿಳಿಯುವುದಿಲ್ಲ. ತಿರುವಿನ ನಡುವೆ ಗುಂಡಿ ಸಿಕ್ಕರೆ ಅಂಥ ಕಾರು ಚಕ್ರವನ್ನು ನೆಲದಿಂದ ಎತ್ತಿಬಿಡುತ್ತದೆ.

ಆದ್ದರಿಂದ ಸೆಟ್ಟನ್ನು ಆರಿಸುವಾಗ ಎಷ್ಟು ತಗ್ಗುತ್ತದೆ ಎಂದು ಕೇಳುವುದಕ್ಕಿಂತ, ತಗ್ಗಿಸಿದ ಮೇಲೆ ಎಷ್ಟು ಚಲನೆ ಉಳಿಯುತ್ತದೆ ಎಂದು ಕೇಳಬೇಕು. ಶಾಕ್‌ನ ಒಡಲೇ ಗಿಡ್ಡವಾಗಿರುವ ಸೆಟ್ಟುಗಳು, ಕೆಳಗಿನ ಬ್ರ್ಯಾಕೆಟ್ಟಿನೊಳಗೆ ಇಡೀ ಒಡಲನ್ನು ತಿರುಗಿಸಿ ಎತ್ತರ ಹೊಂದಿಸುವಂಥವು, ಈ ದೃಷ್ಟಿಯಿಂದ ಒಳ್ಳೆಯವು, ಏಕೆಂದರೆ ಅವುಗಳಲ್ಲಿ ಎತ್ತರ ಬದಲಿಸಿದರೂ ಶಾಕ್‌ನೊಳಗಿನ ಚಲನೆ ಕಡಿಮೆಯಾಗುವುದಿಲ್ಲ. ಶಾಕ್‌ನ ಮೇಲ್ತುದಿಯನ್ನು ಕಾರಿನ ಒಡಲಿಗೆ ಸೇರಿಸುವ ಮೂಲ ಮೇಲ್ಮೌಂಟುಗಳನ್ನೇ ಮರುಬಳಸಬೇಕಾದ ಸೆಟ್ಟಾದರೆ, ಎರಡನೇ ಪೀಳಿಗೆಯ ಮಿಯಾಟಾದ ಮೇಲ್ಮೌಂಟುಗಳನ್ನು ತಂದು ಹಾಕುವುದು ಹಳೆಯ ಮತ್ತು ಉಪಯುಕ್ತ ಉಪಾಯ. ಅವು ಶಾಕ್‌ಗೆ ಇನ್ನಷ್ಟು ಚಲನೆಯನ್ನು ಬಿಟ್ಟುಕೊಡುತ್ತವೆ.

ಸ್ಪ್ರಿಂಗ್‌ನ ಗಡಸುತನವನ್ನು ಕಿಲೋಗ್ರಾಂ ಪ್ರತಿ ಮಿಲಿಮೀಟರ್ ಲೆಕ್ಕದಲ್ಲೋ, ಪೌಂಡ್ ಪ್ರತಿ ಇಂಚಿನ ಲೆಕ್ಕದಲ್ಲೋ ಹೇಳುತ್ತಾರೆ. ಮೊದಲನೆಯ ಲೆಕ್ಕದ 1 ಎಂದರೆ ಎರಡನೆಯದರಲ್ಲಿ ಸುಮಾರು 56. ಆದರೆ ಡಬ್ಬಿಯ ಮೇಲಿನ ಸಂಖ್ಯೆ ಚಕ್ರಕ್ಕೆ ತಲುಪುವ ಗಡಸುತನವಲ್ಲ. ಸ್ಪ್ರಿಂಗ್ ಆರ್ಮ್‌ನ ನಡುವೆಲ್ಲೋ ನಿಂತಿರುವುದರಿಂದ ಚಕ್ರ 10 ಮಿ.ಮೀ. ಮೇಲೇರಿದಾಗ ಸ್ಪ್ರಿಂಗ್ ಅಷ್ಟು ಕುಗ್ಗುವುದಿಲ್ಲ. ಈ ಎರಡರ ಅನುಪಾತವನ್ನು ವರ್ಗಗೊಳಿಸಿ ಗುಣಿಸಿದಾಗ ಚಕ್ರದ ಬಳಿಯ ಗಡಸುತನ ಸಿಗುತ್ತದೆ. ಅನುಪಾತ 0.7 ಎಂದಿಟ್ಟುಕೊಂಡರೆ, 8 ಎಂದು ಬರೆದಿರುವ ಸ್ಪ್ರಿಂಗ್ ಚಕ್ರದ ಬಳಿ 4ಕ್ಕಿಂತ ತುಸು ಕಡಿಮೆ. ಬೇರೆ ಕಾರಿನ ಗೆಳೆಯ ಎಷ್ಟರ ಸ್ಪ್ರಿಂಗ್ ಹಾಕಿದ್ದಾನೆ ಎಂಬುದು ನಮ್ಮ ಕಾರಿಗೆ ಏನನ್ನೂ ಹೇಳದಿರಲು ಇದೇ ಕಾರಣ.

ಹಿಂದಿನ ವಾರದ ತಯಾರಿ

ಮಿಷಿಗನ್‌ನಂಥ ರಾಜ್ಯಗಳಲ್ಲಿ ಚಳಿಗಾಲದ ರಸ್ತೆಗೆ ಸುರಿಯುವ ಉಪ್ಪು ಕಾರಿನ ಕೆಳಭಾಗದ ಬೋಲ್ಟುಗಳನ್ನು ಬುಶ್‌ಗಳ (ಆರ್ಮ್‌ಗಳ ಕೀಲಿನಲ್ಲಿ ಕೂರುವ ರಬ್ಬರ್ ತುಂಬಿದ ಕೊಳವೆಗಳ) ಒಳಕೊಳವೆಗೆ ಬೆಸುಗೆ ಹಾಕಿದಂತೆ ಅಂಟಿಸಿಬಿಡುತ್ತದೆ. ಮೂವತ್ತು ವರ್ಷದ ಕಾರಿನಲ್ಲಿ ಇದು ಖಂಡಿತ. ಹಾಗಾಗಿ ಕೆಲಸಕ್ಕೆ ಒಂದು ವಾರ ಮೊದಲಿನಿಂದ ದಿನಕ್ಕೊಮ್ಮೆ, ಬಿಚ್ಚಬೇಕಾದ ಪ್ರತಿ ಬೋಲ್ಟು ಮತ್ತು ನಟ್ಟಿನ ಎಳೆಗಳಿಗೆ ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಸಿಂಪಡಿಸಬೇಕು. ಅಡುಗೆಮನೆಯ ಬಾಗಿಲಿನ ಕಿರುಗುಟ್ಟುವ ಸದ್ದಿಗೆ ಬಳಸುವ ಸಾಮಾನ್ಯ ಸ್ಪ್ರೇ ಇಲ್ಲಿ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ತುಕ್ಕಿನೊಳಗೆ ಇಳಿಯಲೆಂದೇ ಮಾಡಿದ ಎಣ್ಣೆ ಬೇಕು. ಬ್ರೇಕ್ ಡಿಸ್ಕ್ ಮತ್ತು ಪ್ಯಾಡುಗಳ ಮೇಲೆ ಅದು ಬೀಳದಂತೆ ಬಟ್ಟೆ ಮುಚ್ಚಿಕೊಳ್ಳಬೇಕು.

ಸಾಮಾನುಗಳಲ್ಲಿ ನಂಬಿಕೆಗೆ ಅರ್ಹವಾದ ತಗ್ಗು ಜಾಕ್, ನಾಲ್ಕು ಜಾಕ್ ಸ್ಟ್ಯಾಂಡುಗಳು, 14, 17 ಮತ್ತು 21 ಮಿ.ಮೀ. ಸಾಕೆಟ್ಟುಗಳು, ಅದೇ ಅಳತೆಯ ಸ್ಪ್ಯಾನರುಗಳು, ಉದ್ದ ಹಿಡಿಯ ಬ್ರೇಕರ್ ಬಾರ್, ಟಾರ್ಕ್ ರೆಂಚ್, ರಬ್ಬರ್ ಸುತ್ತಿಗೆ, ತಂತಿಯ ಬ್ರಷ್ ಮತ್ತು ಬಣ್ಣದ ಪೆನ್ನು ಇದ್ದರೆ ಬಹುಪಾಲು ಕೆಲಸ ಸಾಗುತ್ತದೆ. ಈ ಮಾದರಿ ವರ್ಷದ ಕಾರ್ಖಾನೆಯ ವರ್ಕ್‌ಶಾಪ್ ಮ್ಯಾನುಯಲ್ ಪಕ್ಕದಲ್ಲಿರಲೇಬೇಕು. ಪ್ರತಿ ಬೋಲ್ಟಿನ ಬಿಗಿತದ ಸಂಖ್ಯೆ ಅದರಲ್ಲಿದೆ, ನೆನಪಿನಿಂದಲೋ ಯಾರದೋ ವಿಡಿಯೋದಿಂದಲೋ ಆ ಸಂಖ್ಯೆಗಳನ್ನು ತೆಗೆದುಕೊಳ್ಳಬಾರದು. ಕಾಯಿಲೋವರ್ ತಯಾರಕರು ತಮ್ಮ ಭಾಗಗಳಿಗೆ ಬೇರೆ ಸಂಖ್ಯೆ ಕೊಟ್ಟಿದ್ದರೆ ಆ ಭಾಗಗಳಿಗೆ ಮಾತ್ರ ಅದನ್ನು ಅನುಸರಿಸಬೇಕು.

ಕಾರನ್ನು ಎತ್ತುವ ಮೊದಲು, ಸಮತಟ್ಟಾದ ನೆಲದ ಮೇಲೆ, ಟೈರುಗಳಲ್ಲಿ ಸರಿಯಾದ ಗಾಳಿ ಇರುವಾಗ, ನಾಲ್ಕೂ ಕಡೆ ಚಕ್ರದ ನಟ್ಟನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಅಳೆದು ಬರೆದಿಡಬೇಕು. ನೆಲದಿಂದ ಅಳೆಯುವುದಕ್ಕಿಂತ ಇದು ಮೇಲು. ಟೈರಿನ ಸವೆತವೋ ಗಾಳಿಯೋ ಈ ಅಳತೆಯನ್ನು ಕೆಡಿಸುವುದಿಲ್ಲ. ಈ ನಾಲ್ಕು ಸಂಖ್ಯೆಗಳು ಮುಂದೆ ಮತ್ತೆ ಮತ್ತೆ ಬೇಕಾಗುತ್ತವೆ.

ಎತ್ತುವುದು

ಮುಂಭಾಗವನ್ನು ಎಂಜಿನ್ ಕೆಳಗಿನ ಅಡ್ಡ ಸಬ್‌ಫ್ರೇಮಿನ ನಡುವೆ, ಹಿಂಭಾಗವನ್ನು ಹಿಂದಿನ ಚಕ್ರಗಳ ನಡುವಿನ ಗೇರ್ ಪೆಟ್ಟಿಗೆಯಾದ ಡಿಫರೆನ್ಷಿಯಲ್‌ನ ಕೆಳಗೆ ಜಾಕ್ ಇಟ್ಟು ಎತ್ತಬೇಕು. ಸ್ಟ್ಯಾಂಡುಗಳು ಬಾಗಿಲಿನ ಕೆಳಗಿನ ಉದ್ದ ಅಂಚಾದ ಸಿಲ್‌ನ ಕೆಳಗೆ ಗುರುತು ಮಾಡಿರುವ ಬಲವಾದ ಜಾಗಗಳಲ್ಲೇ ಕೂರಬೇಕು. ಆ ಬೆಸುಗೆಯ ಅಂಚು ಸುಲಭವಾಗಿ ಬಾಗುವುದರಿಂದ ಸೀಳಿರುವ ರಬ್ಬರ್ ತುಂಡನ್ನು ನಡುವೆ ಇಡುವುದು ಒಳ್ಳೆಯದು. ಎರಡು ಚಕ್ರಗಳನ್ನು ಮಾತ್ರ ಎತ್ತುವಾಗ ನೆಲದ ಮೇಲಿರುವ ಚಕ್ರಗಳ ಎರಡೂ ಬದಿಗೆ ಅಡ್ಡ ಕಟ್ಟೆ ಇಡಬೇಕು. ಹಿಂಭಾಗ ಎತ್ತಿದಾಗ ಹ್ಯಾಂಡ್‌ಬ್ರೇಕ್ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನು ಎಷ್ಟೋ ಜನ ಮರೆಯುತ್ತಾರೆ. ಸ್ಟ್ಯಾಂಡುಗಳ ಮೇಲೆ ಇಳಿಸಿದ ನಂತರ ಕಾರನ್ನು ಕೈಯಿಂದ ಬಲವಾಗಿ ಅಲುಗಿಸಿ ನೋಡಬೇಕು. ಬೀಳುವುದಿದ್ದರೆ ನಾವು ಹೊರಗಿರುವಾಗಲೇ ಬೀಳಲಿ. ಬಿಚ್ಚಿದ ಚಕ್ರವನ್ನು ಸಿಲ್‌ನ ಕೆಳಗೆ ಮಲಗಿಸಿಡುವುದು ಹಳ್ಳಿಯ ಗ್ಯಾರೇಜುಗಳಲ್ಲೂ ಇರುವ ಹಳೆಯ ಅಭ್ಯಾಸ, ಅದನ್ನು ಬಿಡಬಾರದು.

ಒಂದೇ ಚಕ್ರವನ್ನು ಎತ್ತಿ ಕೆಲಸಕ್ಕೆ ತೊಡಗಬಾರದು. ಎಡ ಮತ್ತು ಬಲ ಆರ್ಮ್‌ಗಳನ್ನು ಸ್ವೇ ಬಾರ್ ಎಂಬ ಅಡ್ಡ ಕಂಬಿ ಜೋಡಿಸಿರುವುದರಿಂದ ಒಂದು ಬದಿ ನೆಲದ ಮೇಲಿದ್ದರೆ ಬಾರ್ ತಿರುಚಿಕೊಂಡು ಇನ್ನೊಂದು ಬದಿಯ ಆರ್ಮನ್ನು ಮೇಲಕ್ಕೆ ಎಳೆಯುತ್ತದೆ. ಎರಡೂ ಬದಿ ಸಮನಾಗಿ ನೇತಾಡಲು ಬಿಟ್ಟು, ಎರಡೂ ಕಡೆಯ ಸ್ವೇ ಬಾರ್ ಕೊಂಡಿಗಳನ್ನು ಬಿಚ್ಚಿದರೆ ಆರ್ಮ್‌ಗಳು ತಮ್ಮಷ್ಟಕ್ಕೆ ಕೆಳಗಿಳಿಯುತ್ತವೆ.

ಹಿಂಭಾಗ

ನಾನು ಹಿಂಭಾಗದಿಂದ ಆರಂಭಿಸಲು ಹೇಳುತ್ತೇನೆ, ಏಕೆಂದರೆ ಅಲ್ಲಿ ಕೆಲಸ ಸರಳ, ಕೈ ಪಳಗುತ್ತದೆ. ಶಾಕ್‌ನ ಮೇಲ್ತುದಿಯ ಎರಡು ನಟ್ಟುಗಳು ಡಿಕ್ಕಿಯೊಳಗಿವೆ. ಹಾಸನ್ನೂ ಬದಿಯ ಹೊದಿಕೆಗಳನ್ನೂ ತೆಗೆಯಬೇಕು. ಎಡಗಡೆ ಪೆಟ್ರೋಲ್ ತುಂಬುವ ಕೊಳವೆಯ ಮುಚ್ಚಿಗೆಯನ್ನೂ ಕಳಚಬೇಕಾಗುತ್ತದೆ. ಈ ಕಾರಿನ ಬ್ಯಾಟರಿ ಡಿಕ್ಕಿಯ ಬಲಗಡೆ ಇರುವುದರಿಂದ ಅಲ್ಲಿ ಸ್ಪ್ಯಾನರ್ ಆಡಿಸುವ ಮೊದಲು ನೆಗೆಟಿವ್ ತಂತಿಯನ್ನು ಬಿಚ್ಚಿಡಬೇಕು. ಪೆಟ್ರೋಲ್ ಕೊಳವೆಯ ಹತ್ತಿರ ಕೆಲಸ ಮಾಡುವಾಗ ಕಿಡಿ ಹಾರಿಸುವ ಯಾವ ಯಂತ್ರವನ್ನೂ ಬಳಸಬಾರದು.

ಆ ಎರಡು ನಟ್ಟುಗಳ ನಡುವೆ ಕಾಣುವ ಮೂರನೆಯ ನಟ್ಟನ್ನು, ಅಂದರೆ ಶಾಕ್‌ನ ಕಡ್ಡಿಯ ತುದಿಯಲ್ಲಿರುವುದನ್ನು, ಯಾವ ಕಾರಣಕ್ಕೂ ಮುಟ್ಟಬಾರದು. ಹಳೆಯ ಸ್ಪ್ರಿಂಗ್ ಅದುಮಿದ ಸ್ಥಿತಿಯಲ್ಲಿ ಆ ನಟ್ಟಿನ ಹಿಡಿತದಲ್ಲಿದೆ. ಅದು ಕಳಚಿದರೆ ಸ್ಪ್ರಿಂಗ್ ಚಿಮ್ಮುವ ಬಲಕ್ಕೆ ಮೂಳೆ ಮುರಿಯುವುದಷ್ಟೇ ಅಲ್ಲ, ಜೀವವೇ ಹೋಗಬಹುದು.

ಮೇಲಿನ ಎರಡು ನಟ್ಟುಗಳನ್ನು ಸಡಿಲಿಸಿ ಒಂದೆರಡು ಎಳೆಯಷ್ಟು ಹಾಗೇ ಬಿಟ್ಟು, ಕೆಳಗೆ ಶಾಕ್ ಅನ್ನು ಆರ್ಮ್‌ಗೆ ಕಟ್ಟಿರುವ 17 ಮಿ.ಮೀ. ತಲೆಯ ಬೋಲ್ಟನ್ನು ತೆಗೆಯಬೇಕು. ಅದು ಜಗ್ಗದಿದ್ದರೆ ಜಾಕ್‌ನಿಂದ ಆರ್ಮನ್ನು ಕೂದಲೆಳೆಯಷ್ಟು ಎತ್ತಿ ಇಳಿಸಿ ಭಾರ ತಪ್ಪಿಸಿದಾಗ ಕೈಯಿಂದಲೇ ಹೊರಬರುವುದುಂಟು. ನಂತರ ಮೇಲಿನ ನಟ್ಟುಗಳನ್ನು ಪೂರ್ತಿ ತೆಗೆದು, ಒಬ್ಬರು ಚಕ್ರ ಕೂರುವ ಭಾಗವಾದ ಹಬ್ಬನ್ನು ಕೆಳಕ್ಕೆ ಒತ್ತಿ ಹಿಡಿದರೆ ಇನ್ನೊಬ್ಬರು ಶಾಕ್ ಅನ್ನು ಓರೆಯಾಗಿ ಹೊರತೆಗೆಯಬಹುದು. ಬ್ರೇಕ್ ಹೋಸ್ ಮತ್ತು ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿದುಕೊಳ್ಳದಂತೆ ಕಣ್ಣಿಟ್ಟಿರಬೇಕು. ಒಬ್ಬರೇ ಇದ್ದರೆ ಹಬ್ಬಿನ ಕೆಳಭಾಗವನ್ನು ಆರ್ಮ್‌ಗೆ ಜೋಡಿಸುವ ಉದ್ದ ಬೋಲ್ಟನ್ನು ತೆಗೆದು ಆರ್ಮನ್ನು ಪೂರ್ತಿ ಇಳಿಸುವ ದಾರಿಯೂ ಇದೆ. ಆದರೆ ಉಪ್ಪು ತಿಂದ ಕಾರಿನಲ್ಲಿ ಆ ಬೋಲ್ಟು ಬರದೇ ಹೋದರೆ ಇಡೀ ವಾರಾಂತ್ಯ ಅದಕ್ಕೇ ಆಹುತಿಯಾಗುತ್ತದೆ. ನನಗೆ ಹಾಗೆಯೇ ಆಯಿತು. ಕೊನೆಗೆ ಬೋಲ್ಟನ್ನು ಕೊಯ್ದು ಬುಶ್ಶನ್ನೂ ಬದಲಿಸಬೇಕಾಯಿತು. ಸಹಾಯಕ್ಕೆ ಒಬ್ಬರನ್ನು ಕರೆದು ಕಾಫಿ ಕೊಡುವುದು ಎಷ್ಟೋ ಅಗ್ಗ.

ಮುಂಭಾಗ

ಮುಂದಿನ ಶಾಕ್‌ಗಳ ಮೇಲಿನ ನಟ್ಟುಗಳು ಬಾನೆಟ್ ತೆರೆದರೆ ಎರಡೂ ಬದಿಗೆ ಕಾಣುತ್ತವೆ. ಕೆಳಗಿನ ಬೋಲ್ಟು ಹಿಂಭಾಗದಂತೆಯೇ. ಕಷ್ಟವಿರುವುದು ಶಾಕ್ ಅನ್ನು ಎರಡು ಆರ್ಮ್‌ಗಳ ನಡುವಿನಿಂದ ಹೊರಗೆ ತರುವುದರಲ್ಲಿ. ಮೇಲಿನ ಆರ್ಮ್ ಅದನ್ನು ಬಳಸಿಕೊಂಡು ನಿಂತಿರುವುದರಿಂದ ಸುಮ್ಮನೆ ಎಳೆದರೆ ಬರುವುದಿಲ್ಲ. ಆರ್ಮ್‌ನ ಹೊರತುದಿಯನ್ನು ಹಬ್ಬಿಗೆ ಸೇರಿಸುವ ಬಾಲ್ ಜಾಯಿಂಟನ್ನು ಬೇರ್ಪಡಿಸಲು ಕವಲುಕಡ್ಡಿ ಹೊಡೆದು ಅದರ ರಬ್ಬರ್ ಹೊದಿಕೆಯನ್ನು ಹರಿಯುವುದಕ್ಕಿಂತ, ಮೇಲಿನ ಆರ್ಮನ್ನು ಒಳಬದಿಯಲ್ಲಿ ಹಿಡಿದಿರುವ ಒಂದೇ ಉದ್ದನೆಯ ಬೋಲ್ಟನ್ನು ತೆಗೆಯುವುದು ಉತ್ತಮ. ಆ ಬೋಲ್ಟು ಆರ್ಮ್‌ನ ಎರಡೂ ಬುಶ್‌ಗಳ ಮೂಲಕ ಕಾರಿನ ಉದ್ದಕ್ಕೆ ಹಾದುಹೋಗಿದೆ. ನಟ್ಟು ತೆಗೆದು, ಹಿತ್ತಾಳೆಯ ಕಡ್ಡಿಯಿಂದ ಮೆಲ್ಲಗೆ ತಟ್ಟುತ್ತಾ, ತಿರುಗಿಸುತ್ತಾ ಎಳೆದುಕೊಳ್ಳಬೇಕು. ಅದು ಹೊರಬಂದೊಡನೆ ಮೇಲಿನ ಆರ್ಮ್, ಹಬ್ ಮತ್ತು ಬ್ರೇಕ್ ಎಲ್ಲವೂ ಒಟ್ಟಿಗೆ ಹೊರಕ್ಕೆ ವಾಲುತ್ತವೆ. ಆ ತೂಕ ಬ್ರೇಕ್ ಹೋಸಿನ ಮೇಲೆ ಬಿದ್ದರೆ ಹೋಸ್ ಒಳಗೊಳಗೇ ಹಾಳಾಗಿ, ಹೊರಗೆ ಏನೂ ಕಾಣದೆ ಮುಂದೊಂದು ದಿನ ಕೈಕೊಡುತ್ತದೆ. ಆದ್ದರಿಂದ ಬೋಲ್ಟು ಎಳೆಯುವ ಮೊದಲೇ ಹಬ್ಬನ್ನು ಹಗ್ಗದಿಂದ ಕಟ್ಟಿರಬೇಕು. ಎಬಿಎಸ್ ಇರುವ ಕಾರಾದರೆ ಚಕ್ರದ ಬಳಿಯ ಸೆನ್ಸರ್ ತಂತಿಯನ್ನು ಅದರ ಕ್ಲಿಪ್ಪುಗಳಿಂದ ಬಿಡಿಸಿ ಸಡಿಲ ಮಾಡಿಕೊಳ್ಳಬೇಕು.

ಹಳೆಯ ಮೇಲ್ಮೌಂಟುಗಳನ್ನು ಮರುಬಳಸುವವರು ಈಗ ಸ್ಪ್ರಿಂಗ್ ಕಂಪ್ರೆಸರ್ ಹಿಡಿಯಬೇಕಾಗುತ್ತದೆ. ನನ್ನ ಸಲಹೆ, ಹಳೆಯ ಶಾಕ್‌ಗಳನ್ನು ಹಾಗೇ ಹತ್ತಿರದ ವರ್ಕ್‌ಶಾಪಿಗೆ ಒಯ್ದು, ಗೋಡೆಗೆ ಬಿಗಿದ ಕಂಪ್ರೆಸರಿನಲ್ಲಿ ಬಿಚ್ಚಿಸಿಕೊಳ್ಳುವುದು. ಬಾಡಿಗೆಗೆ ಸಿಗುವ ಎರಡು ಕೊಕ್ಕೆಗಳ ಕಂಪ್ರೆಸರನ್ನೇ ಬಳಸುವುದಾದರೆ ಕೊಕ್ಕೆಗಳನ್ನು ಸ್ಪ್ರಿಂಗ್‌ನ ಎದುರುಬದುರು ಇಟ್ಟು, ಒಂದೊಂದನ್ನು ಕೆಲವೇ ಸುತ್ತು ಸರದಿಯಂತೆ ಕೈಯಿಂದ ಬಿಗಿಯಬೇಕು. ಇಂಪ್ಯಾಕ್ಟ್ ಗನ್ ಅಲ್ಲಿಗೆ ತರಬಾರದು. ಶಾಕ್‌ನ ಎರಡು ತುದಿಗಳ ನೇರಕ್ಕೆ ಯಾರೂ ನಿಲ್ಲಬಾರದು. ಸ್ಪ್ರಿಂಗ್ ತನ್ನ ತಟ್ಟೆಯಿಂದ ಬಿಡಿಸಿಕೊಂಡು ಕೈಯಿಂದ ಅಲುಗುವಷ್ಟು ಸಡಿಲವಾಯಿತೆಂದು ಖಚಿತವಾದ ಮೇಲಷ್ಟೇ ಕಡ್ಡಿಯ ನಟ್ಟನ್ನು ಬಿಚ್ಚಬೇಕು.

ಹೊಸ ಸೆಟ್ಟನ್ನು ಮೇಜಿನ ಮೇಲೆ ಹೊಂದಿಸುವುದು

ಕಾಯಿಲೋವರನ್ನು ಕಾರಿಗೆ ಹಾಕುವ ಮೊದಲೇ ಎಡ ಬಲದ ಜೋಡಿಗಳ ಒಟ್ಟು ಉದ್ದವನ್ನು, ಕೆಳಗಿನ ಬೋಲ್ಟಿನ ತೂತಿನ ನಡುವಿನಿಂದ ಮೇಲ್ಮೌಂಟಿನ ತಟ್ಟೆಯವರೆಗೆ, ಅಳೆದು ಸಮನಾಗಿಸಬೇಕು. ಕೆಳಗಿನ ಬ್ರ್ಯಾಕೆಟ್ಟಿನೊಳಗೆ ಎಷ್ಟು ಎಳೆಗಳು ಇರಲೇಬೇಕೆಂದು ತಯಾರಕರು ಹೇಳಿರುತ್ತಾರೆ, ಅದಕ್ಕಿಂತ ಕಡಿಮೆಯಾಗಬಾರದು. ಸ್ಪ್ರಿಂಗ್‌ನ ಕೆಳಗಿನ ಉಂಗುರವನ್ನು ಸ್ಪ್ರಿಂಗ್ ಗಡಗಡಿಸದಂತೆ ಕೈಯಿಂದ ತಾಗಿಸಿ, ತಯಾರಕರು ಸೂಚಿಸಿದ್ದರೆ ಇನ್ನು ಕೆಲವು ಮಿ.ಮೀ. ಮಾತ್ರ ಬಿಗಿಯಬೇಕು. ಈ ಉಂಗುರವನ್ನು ಬಿಗಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಅದು ಸರಿಯಲ್ಲ. ಒಂದೇ ಸಮನೆ ಗಡಸುತನವಿರುವ ಸ್ಪ್ರಿಂಗನ್ನು ಎಷ್ಟು ಅದುಮಿಟ್ಟರೂ ಪ್ರತಿ ಮಿಲಿಮೀಟರಿಗೆ ಅದು ಕೇಳುವ ಬಲ ಅಷ್ಟೇ. ಬದಲಾಗುವುದು ಕಾರು ನಿಲ್ಲುವ ಎತ್ತರ ಮತ್ತು ಶಾಕ್‌ನೊಳಗೆ ಮೇಲಕ್ಕೂ ಕೆಳಕ್ಕೂ ಹಂಚಿಹೋಗುವ ಚಲನೆ.

ಶಾಕ್‌ನ ಗಡಸುತನ ಹೊಂದಿಸುವ ನಾಬನ್ನು ಪ್ರದಕ್ಷಿಣವಾಗಿ ಕೊನೆಯವರೆಗೆ ಮೃದುವಾಗಿ ತಿರುಗಿಸಿ, ಅಲ್ಲಿಂದ ಹಿಂದಕ್ಕೆ ಕ್ಲಿಕ್ಕುಗಳನ್ನು ಎಣಿಸುವುದು ಸಾಮಾನ್ಯ ಪದ್ಧತಿ. ಒಟ್ಟು ಕ್ಲಿಕ್ಕುಗಳ ನಡುಭಾಗದಿಂದ ಆರಂಭಿಸಿ ನಾಲ್ಕೂ ಸಂಖ್ಯೆಗಳನ್ನು ಬರೆದಿಟ್ಟುಕೊಂಡರೆ ಸಾಕು, ಉಳಿದದ್ದು ರಸ್ತೆಯ ಮೇಲೆ ನಿರ್ಧಾರವಾಗುತ್ತದೆ. ಮೊದಲ ಎತ್ತರವಾಗಿ ಮೂಲದ್ದಕ್ಕಿಂತ 20ರಿಂದ 25 ಮಿ.ಮೀ.ಗಿಂತ ಹೆಚ್ಚು ತಗ್ಗಿಸಬೇಡಿ.

ಹೊಸ ಶಾಕ್ ಅನ್ನು ಹಾಕುವುದು ತೆಗೆದ ಕ್ರಮದ ತಿರುಗು ಮುರುಗು. ಮೇಲಿನ ನಟ್ಟುಗಳನ್ನು ಈಗಲೇ ಮ್ಯಾನುಯಲ್‌ನ ಸಂಖ್ಯೆಗೆ ಬಿಗಿಯಬಹುದು, ಅಲ್ಲಿ ತಿರುಚಿಕೊಳ್ಳುವ ರಬ್ಬರ್ ಇಲ್ಲ. ಕೆಳಗಿನ ಬೋಲ್ಟು, ಮೇಲಿನ ಆರ್ಮ್‌ನ ಉದ್ದ ಬೋಲ್ಟು ಮತ್ತು ಬುಶ್ ಇರುವ ಇತರ ಎಲ್ಲವನ್ನೂ ಕೈಯಿಂದ ಕೂರಿಸಿ, ಸ್ಪ್ಯಾನರಿನಿಂದ ಅಂತರ ಉಳಿಯದಷ್ಟು ಮಾತ್ರ ಸೇರಿಸಿ ಬಿಡಬೇಕು.

ಬುಶ್‌ಗಳನ್ನು ಬಿಗಿಯುವ ಹೊತ್ತು

ಕಾರ್ಖಾನೆಯ ಬುಶ್ ಎಂದರೆ ಎರಡು ಲೋಹದ ಕೊಳವೆಗಳ ನಡುವೆ ಅಂಟಿಸಿದ ರಬ್ಬರ್. ಹೊರಕೊಳವೆ ಆರ್ಮ್‌ನೊಳಗೆ ಒತ್ತಿ ಕೂತಿದೆ, ಒಳಕೊಳವೆಯನ್ನು ಬೋಲ್ಟು ಸಬ್‌ಫ್ರೇಮಿಗೆ ಅಮುಕಿ ಹಿಡಿಯುತ್ತದೆ. ಆರ್ಮ್ ಮೇಲೆ ಕೆಳಗೆ ಆಡುವಾಗ ಬಾಗಿಲಿನ ಕೀಲಿನಂತೆ ಯಾವುದೂ ಜಾರುವುದಿಲ್ಲ; ರಬ್ಬರೇ ತಿರುಚಿಕೊಳ್ಳುತ್ತದೆ. ಬೋಲ್ಟು ಬಿಗಿದ ಗಳಿಗೆಯಲ್ಲಿ ಆರ್ಮ್ ಯಾವ ಕೋನದಲ್ಲಿತ್ತೋ ಅದೇ ಆ ರಬ್ಬರಿನ ವಿಶ್ರಾಂತಿಯ ಸ್ಥಾನ. ಕಾರು ಸ್ಟ್ಯಾಂಡಿನ ಮೇಲಿದ್ದು ಆರ್ಮ್‌ಗಳು ಕೆಳಕ್ಕೆ ಜೋತುಬಿದ್ದಿರುವಾಗ ಬೋಲ್ಟುಗಳನ್ನು ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದಲೇ ಎಲ್ಲಾ ಬುಶ್‌ಗಳೂ ತಿರುಚಿದ ಸ್ಥಿತಿಯಲ್ಲಿರುತ್ತವೆ. ಕಾರು ಎಣಿಸಿದ್ದಕ್ಕಿಂತ ಎತ್ತರ ನಿಲ್ಲುತ್ತದೆ, ಸಣ್ಣ ಉಬ್ಬುಗಳಿಗೂ ಒರಟಾಗಿ ಪ್ರತಿಕ್ರಿಯಿಸುತ್ತದೆ, ರಬ್ಬರ್ ಬೇಗ ಸೀಳುತ್ತದೆ. ಹೊಸ ಕಾಯಿಲೋವರ್ ಚೆನ್ನಾಗಿಲ್ಲ ಎಂಬ ದೂರುಗಳಲ್ಲಿ ಎಷ್ಟೋ ಈ ಬುಶ್‌ಗಳಿಂದ ಹುಟ್ಟಿದವು ಎಂಬುದು ನನ್ನ ಅನುಮಾನ.

ಇನ್ನೊಂದು ವಿಷಯವನ್ನು ಅನುಭವಿಗಳೂ ಕಡೆಗಣಿಸುತ್ತಾರೆ. ನಾವು ಬಿಚ್ಚದೇ ಬಿಟ್ಟ ಬುಶ್‌ಗಳು ಕಾರ್ಖಾನೆಯ ಎತ್ತರಕ್ಕೆ ಬಿಗಿದಂಥವು. ಕಾರನ್ನು 25 ಮಿ.ಮೀ. ತಗ್ಗಿಸಿದ ಮೇಲೆ ಅವು ಕೂಡ ಸದಾ ತಿರುಚಿಕೊಂಡೇ ಇರುತ್ತವೆ. ಆದ್ದರಿಂದ ಕೆಳಗಿನ ಆರ್ಮ್‌ಗಳ ಬೋಲ್ಟುಗಳನ್ನೂ ಸಡಿಲಿಸಿ ಹೊಸ ಎತ್ತರದಲ್ಲಿ ಮರಳಿ ಬಿಗಿಯಬೇಕು. ಆದರೆ ಈ ಬೋಲ್ಟುಗಳಿಗೆ ಚಕ್ರಗಳ ಕೋನ, ಅಂದರೆ ಅಲೈನ್‌ಮೆಂಟ್ ಹೊಂದಿಸುವ ತೂತು ನಟ್ಟನಡುವೆ ಇರದ ಬಿಲ್ಲೆಗಳಿರುವುದರಿಂದ ಸಡಿಲಿಸುವ ಮುನ್ನ ಬಿಲ್ಲೆಯಿಂದ ಸಬ್‌ಫ್ರೇಮಿನವರೆಗೆ ಬಣ್ಣದ ಗೆರೆ ಎಳೆದುಕೊಂಡಿರಬೇಕು.

ಲಿಫ್ಟ್ ಇಲ್ಲದ ಗ್ಯಾರೇಜಿನಲ್ಲಿ ಇದನ್ನು ಮಾಡುವ ಸುಲಭ ದಾರಿಯೆಂದರೆ ಚಕ್ರಗಳನ್ನು ಹಾಕಿ, ಪ್ರತಿ ಚಕ್ರದ ಕೆಳಗೆ ಅಗಲವಾದ ದಪ್ಪ ಹಲಗೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಜೋಡಿಸಿ, ಅವುಗಳ ಮೇಲೆ ಕಾರನ್ನು ಇಳಿಸುವುದು. ಸ್ಟ್ಯಾಂಡುಗಳನ್ನು ತೆಗೆಯದೆ, ಸಿಲ್‌ಗೆ ತಾಗದಂತೆ ಒಂದು ಅಂಗುಲ ಕೆಳಗೆ ಕಾವಲಿಗೆ ಬಿಟ್ಟಿರಬೇಕು. ಕಾರಿನ ನಾಲ್ಕೂ ಮೂಲೆಗಳನ್ನು ಕೈಯಿಂದ ಹಲವು ಬಾರಿ ಒತ್ತಿ ಬಿಟ್ಟು ನೆಲೆಗೊಳಿಸಿದ ನಂತರ ಚಕ್ರದ ನಡುವಿನಿಂದ ಮಡ್‌ಗಾರ್ಡಿನವರೆಗಿನ ಎತ್ತರವನ್ನು ಅಳೆದು, ಒಂದೊಂದೇ ಬೋಲ್ಟನ್ನು ಟಾರ್ಕ್ ರೆಂಚಿನಿಂದ ಬಿಗಿದು, ಬಿಗಿದದ್ದಕ್ಕೆಲ್ಲ ಬಣ್ಣದ ಗೆರೆ ಎಳೆಯಬೇಕು. ಚಕ್ರದ ಬದಲು ಆರ್ಮ್‌ನ ಹೊರತುದಿಯ ಕೆಳಗೆ ಜಾಕ್ ಇಟ್ಟು ಬೇಕಾದ ಎತ್ತರಕ್ಕೆ ಎತ್ತುವವರಿದ್ದಾರೆ. ಹಗುರ ಕಾರಾದ್ದರಿಂದ ಆ ಎತ್ತರ ಬರುವಷ್ಟರಲ್ಲಿ ಒಡಲೇ ಸ್ಟ್ಯಾಂಡಿನಿಂದ ಮೇಲೇಳುವ ಅಪಾಯವಿದೆ, ನಾನದನ್ನು ಶಿಫಾರಸು ಮಾಡುವುದಿಲ್ಲ. ಪಾಲಿಯುರೆಥೇನ್ ಬುಶ್‌ಗಳಿಗೆ ಮಾತ್ರ ಈ ನಿಯಮವಿಲ್ಲ. ಅವು ಒಳಕೊಳವೆಯ ಮೇಲೆ ಜಾರುತ್ತವೆ, ಅವಕ್ಕೆ ಬೇಕಾದದ್ದು ಸರಿಯಾದ ಗ್ರೀಸ್.

ಸ್ವೇ ಬಾರ್ ಕೊಂಡಿಗಳನ್ನು ಕೊನೆಯಲ್ಲಿ ಇದೇ ಸ್ಥಿತಿಯಲ್ಲಿ ಜೋಡಿಸಬೇಕು. ಉದ್ದ ಹೊಂದಿಸಬಹುದಾದ ಕೊಂಡಿಗಳಾದರೆ ಎರಡನೆಯ ಬದಿಯ ಬೋಲ್ಟು ಬೆರಳಿನಿಂದಲೇ ತೂತಿಗೆ ಸೇರುವಂತೆ ಉದ್ದವನ್ನು ಹೊಂದಿಸಬೇಕು. ಎಳೆದು ಸೇರಿಸಿದ ಬಾರ್ ನೇರ ರಸ್ತೆಯಲ್ಲೂ ಒಂದು ಬದಿಯನ್ನು ಅಮುಕುತ್ತಲೇ ಇರುತ್ತದೆ, ಎಡ ತಿರುವಿಗೊಂದು ಬಲ ತಿರುವಿಗೊಂದು ಗುಣ ತೋರಿಸುತ್ತದೆ.

ಚಕ್ರದ ನಟ್ಟುಗಳನ್ನು 88ರಿಂದ 118 ನ್ಯೂಟನ್ ಮೀಟರ್ ನಡುವೆ, ಎದುರುಬದುರಿನ ಕ್ರಮದಲ್ಲಿ ಬಿಗಿಯಬೇಕು. ಈ ಎಳೆಗಳಿಗೆ ಎಣ್ಣೆಯನ್ನಾಗಲಿ ಗ್ರೀಸನ್ನಾಗಲಿ ಸವರಬಾರದು. ಸವರಿದರೆ ರೆಂಚ್ ತೋರಿಸುವ ಸಂಖ್ಯೆ ಅದೇ ಇದ್ದರೂ ಸ್ಟಡ್ ಅದಕ್ಕಿಂತ ಹೆಚ್ಚು ಎಳೆಯಲ್ಪಟ್ಟಿರುತ್ತದೆ.

ಅಲೈನ್‌ಮೆಂಟ್

ಎತ್ತರ ಬದಲಾದೊಡನೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಮತ್ತು ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಮುಖವೋ ಹೊರಮುಖವೋ ಎಂಬುದು) ಎರಡೂ ಬದಲಾಗಿರುತ್ತವೆ. ಅಂಗಡಿಗೆ ಒಯ್ಯುವವರೆಗೆ ಕಾರು ನೇರ ಓಡುವಂತೆ ಮಾಡಲು ಮನೆಯಲ್ಲಿ ದಾರದ ಅಳತೆ ಸಾಕು. ಹಬ್ಬಿನ ಎತ್ತರಕ್ಕೆ ಕಾರಿನ ಎರಡೂ ಬದಿಗೆ ಸ್ಟ್ಯಾಂಡುಗಳ ನಡುವೆ ದಾರ ಬಿಗಿದು, ಅದು ಕಾರಿನ ನಡುಗೆರೆಗೆ ಸಮಾಂತರವಾಗಿರುವಂತೆ ಹೊಂದಿಸಿ, ಪ್ರತಿ ರಿಮ್ಮಿನ ಮುಂದಿನ ಅಂಚು ಮತ್ತು ಹಿಂದಿನ ಅಂಚಿನಿಂದ ದಾರಕ್ಕಿರುವ ದೂರವನ್ನು ಅಳೆಯಬೇಕು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಗಲ ಒಂದೇ ಅಲ್ಲವಾದ್ದರಿಂದ ದಾರ ಹಬ್ಬುಗಳಿಂದ ಒಂದೇ ದೂರದಲ್ಲಿರಬೇಕೆಂದು ಹಟ ಹಿಡಿಯಬಾರದು, ಎಡಕ್ಕೂ ಬಲಕ್ಕೂ ಸಮನಾಗಿದ್ದರೆ ಆಯಿತು. ಎರಡು ಅಂಚುಗಳ ದೂರದ ವ್ಯತ್ಯಾಸವೇ ಆ ಚಕ್ರದ ಟೋ.

ರಸ್ತೆಯಲ್ಲಿ ಓಡಿಸುವ ಕಾರಿಗೆ ಮುಂದೆ ಸುಮಾರು ಒಂದು ಡಿಗ್ರಿ, ಹಿಂದೆ ಒಂದೂವರೆ ಡಿಗ್ರಿ ಋಣ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವುದು), ಮುಂದೆ ಸೊನ್ನೆ ಟೋ, ಹಿಂದೆ ಅತ್ಯಲ್ಪ ಒಳಮುಖದ ಟೋ ಇರುವುದು ನನಗೆ ಹಿಡಿಸಿದ ಹೊಂದಾಣಿಕೆ. ಹಿಂದಿನ ಚಕ್ರಗಳು ಹೊರಮುಖವಾಗಿ ನಿಂತರೆ ಈ ಕಾರು ಒದ್ದೆ ರಸ್ತೆಯಲ್ಲಿ ಹಿಂಬದಿಯನ್ನು ಥಟ್ಟನೆ ಜಾರಿಸುತ್ತದೆ. ಅಂಗಡಿಯಲ್ಲಿ ಅಲೈನ್‌ಮೆಂಟ್ ಮಾಡಿಸುವಾಗ ಚಾಲಕನ ಸೀಟಿನಲ್ಲಿ ನಮ್ಮ ತೂಕದಷ್ಟು ಭಾರ ಇಡಲು ಕೇಳಬೇಕು. ಒಂದು ಸಾವಿರ ಕೆ.ಜಿ.ಯ ಕಾರಿನಲ್ಲಿ 75 ಕೆ.ಜಿ. ಮನುಷ್ಯ ಒಂದು ಬದಿಗೆ ಕೂತರೆ ಅದು ಸಣ್ಣ ಮಾತಲ್ಲ. ಅಲೈನ್‌ಮೆಂಟ್‌ಗೆ ಹಣ ಕೊಡುವ ಮೊದಲು ನೂರೈವತ್ತು ಕಿಲೋಮೀಟರಿನಷ್ಟು ಓಡಿಸಿ ಸ್ಪ್ರಿಂಗ್‌ಗಳು ಕೂರಲು ಬಿಟ್ಟು, ಎತ್ತರವನ್ನು ಮತ್ತೆ ಅಳೆದು, ಬೇಕಿದ್ದರೆ ತಿದ್ದಿ, ಆಮೇಲೆ ಹೋಗಬೇಕು. ಅಲೈನ್‌ಮೆಂಟ್ ಆದ ಮೇಲೆ ಎತ್ತರ ಬದಲಿಸಿದರೆ ಕೊಟ್ಟ ಹಣ ನೀರಿಗೆ ಬಿದ್ದಂತೆ.

ಮೊದಲ ಓಡಾಟ ಮನೆಯ ಸುತ್ತಲಿನ ಬೀದಿಗಳಲ್ಲಿ, ನಿಧಾನವಾಗಿ, ರೇಡಿಯೋ ಆರಿಸಿ ಆಗಬೇಕು. ಸ್ಟೀರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ಟೈರು ಎಲ್ಲಿಯಾದರೂ ಉಜ್ಜುತ್ತದೆಯೇ, ಬ್ರೇಕ್ ಹೋಸ್ ಎಳೆದುಕೊಳ್ಳುತ್ತದೆಯೇ ನೋಡಬೇಕು. ಉಬ್ಬಿನ ಮೇಲೆ ಟಕ್ ಎಂಬ ಒಂದೇ ಸದ್ದು ಬಂದರೆ ಸಾಮಾನ್ಯವಾಗಿ ಸ್ವೇ ಬಾರ್ ಕೊಂಡಿಯೋ ಮೇಲ್ಮೌಂಟಿನ ನಟ್ಟೋ ಸಡಿಲವಾಗಿದೆ ಎಂದರ್ಥ. ತಿರುಗಿಸುವಾಗ ಸ್ಪ್ರಿಂಗ್ ಟಣ್ ಎಂದರೆ ಅದು ತಟ್ಟೆಯ ಮೇಲೆ ಸರಿಯಾಗಿ ಕೂತಿಲ್ಲ. ನೂರೈವತ್ತು ಕಿಲೋಮೀಟರಿನ ನಂತರ ಕಾರಿನ ಕೆಳಗೆ ಟಾರ್ಚ್ ಹಿಡಿದು ಮಲಗಿ, ಹಿಂದೆ ಎಳೆದ ಬಣ್ಣದ ಗೆರೆಗಳು ನಟ್ಟಿನಿಂದ ಲೋಹದವರೆಗೆ ಮುರಿಯದೆ ಇವೆಯೇ ಎಂದು ಒಂದೊಂದಾಗಿ ನೋಡಬೇಕು. ಚಕ್ರದ ನಟ್ಟುಗಳನ್ನೂ ಕಾಯಿಲೋವರ್‌ನ ಎತ್ತರ ಕಾಯುವ ಲಾಕ್ ಉಂಗುರಗಳನ್ನೂ ಮತ್ತೊಮ್ಮೆ ಬಿಗಿದು ನೋಡಬೇಕು.

ಹಿಂಭಾಗಕ್ಕಿಂತ ಮುಂಭಾಗ ಹೆಚ್ಚು ತಗ್ಗಿದ್ದರೆ ಹೆಡ್‌ಲೈಟಿನ ಬೆಳಕು ರಸ್ತೆಯ ಹತ್ತಿರಕ್ಕೆ ಬಿದ್ದಿರುತ್ತದೆ. ಮುಂಭಾಗ ಎತ್ತರವಾದರೆ ಎದುರಿನವರ ಕಣ್ಣಿಗೆ. ಒಂದು ಸಂಜೆ ಕಾರನ್ನು ಗ್ಯಾರೇಜಿನ ಬಾಗಿಲಿಗೆ ಎದುರಾಗಿ ಸಮನೆಲದಲ್ಲಿ ನಿಲ್ಲಿಸಿ, ಆ ಎರಡು ದೀಪಗಳನ್ನು ಮೇಲಕ್ಕೆಬ್ಬಿಸಿ, ಹೊಂದಿಸುವ ತಿರುಪುಗಳನ್ನು ಸರಿಪಡಿಸಿಕೊಳ್ಳಿ.